ತಡವರಿಕೆ ಬಳಗ ಮುಚ್ಚಿದ ವರ್ಷ

ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದು ಬರುವಾಗ ರೇಷ್ಮೆ ನೂಲು ತೆಗೆಯುವ ಮನೆಗಳ ಓಣಿಗೆ ಕಾಲು ತಾನಾಗಿ ತಿರುಗಿತು. ಗೂಡು ಬೇಯಿಸುವ ನೀರಿನಿಂದ ಎದ್ದ ಹಬೆ, ಅದರ ಜೊತೆಗೆ ಹುಳು ಬೆಂದ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಆ ಓಣಿಯ ಬಾಯಲ್ಲೇ ಅಂಗಡಿ ಇಟ್ಟುಕೊಂಡು, ಅದೇ ವಾಸನೆಯಲ್ಲಿ ಕೂತು ವರ್ಷಗಟ್ಟಲೆ ಲಗ್ನಪತ್ರಿಕೆ ಟೈಪು ಮಾಡಿದ ನನಗೆ ಅದು ಪಕ್ಕದ ಮನೆಯ ಒಗ್ಗರಣೆಯಷ್ಟೇ ಸಹಜ. ಆದರೆ ಆವತ್ತು ಆ ವಾಸನೆಯ ಜೊತೆಗೇ ನಮ್ಮ ಬಳಗ ಮುಚ್ಚಿದ ವರ್ಷವೂ, ಭಾಗ್ಯ ಎಂಬ ಹುಡುಗಿಯೂ ನೆನಪಿಗೆ ಬಂದು, ಹಿಡಿಯಬೇಕಿದ್ದ ಬಸ್ಸನ್ನು ಬಿಟ್ಟು ಒಂದು ಜಗಲಿಯ ಮೇಲೆ ಸುಮ್ಮನೆ ಕೂತೆ.

ನನಗೆ ಚಿಕ್ಕಂದಿನಿಂದ ಮಾತು ಉಗ್ಗುತ್ತದೆ. ನಮ್ಮ ಕಡೆ ತೆಲುಗಿನಲ್ಲಿ ನತ್ತಿ ಅನ್ನುತ್ತಾರೆ. ಬೀದಿಯ ಹುಡುಗರಿಗೆ ಆ ಎರಡಕ್ಷರ ಸಾಕಾಗಿತ್ತು. ನನ್ನ ಹೆಸರು ಶ್ರೀನಿವಾಸ. ನಾನು 'ಶ್ರೀ' ಅನ್ನುವುದರೊಳಗೆ ಎದುರಿಗಿದ್ದವರು ಬೇರೆ ಕಡೆ ನೋಡಲು ಶುರುಮಾಡುತ್ತಿದ್ದರು, ಹಾಗಾಗಿ ಕೇಳಿದವರಿಗೆಲ್ಲ ವಾಸು ಅಂತ ಹೇಳಿಕೊಂಡು ಬಂದೆ. ಊರಿಗೆಲ್ಲ ವಾಸುವೇ ಆದೆ. ಪಿಯುಸಿ ಆದಮೇಲೆ ಕಂಪ್ಯೂಟರ್ ಟೈಪಿಂಗ್ ಕಲಿತು ಅಂಗಡಿ ಇಟ್ಟದ್ದೂ ಆ ಲೆಕ್ಕದಲ್ಲೇ. ಟೈಪು ಮಾಡುವವನು ಹೆಚ್ಚು ಮಾತಾಡಬೇಕಿಲ್ಲ. ಗಿರಾಕಿಗಳು ವಧೂವರರ ಹೆಸರು, ಮುಹೂರ್ತ ಎಲ್ಲ ಚೀಟಿಯಲ್ಲಿ ಬರೆದು ತರುತ್ತಿದ್ದರು. ನಾನು ಪ್ರೂಫ್ ತೋರಿಸುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು.

ಅಂಗಡಿಗೆ ಇಂಟರ್ನೆಟ್ ಬಂದ ಹೊಸತು. ಫೋನಿನ ತಂತಿಯಲ್ಲಿ ಕಿರಗುಟ್ಟಿಕೊಂಡು ಸಂಪರ್ಕ ಸಿಗುತ್ತಿದ್ದ ಕಾಲ. ಉಗ್ಗಿಗೆ ಔಷಧಿ ಏನಾದರೂ ಇದೆಯೇ ಎಂದು ಹುಡುಕುತ್ತಿದ್ದವನಿಗೆ 'ತಡವರಿಕೆ' ಎಂಬ ಇಮೇಲ್ ಬಳಗ ಸಿಕ್ಕಿತು. ಆಗ ಇಂಥ ಬಳಗಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದವು. ಗುಲಾಬಿ ಬೆಳೆಯುವವರಿಗೊಂದು, ಹಳೇ ನಾಣ್ಯ ಕೂಡಿಡುವವರಿಗೊಂದು, ಒಂದೇ ಹೈಸ್ಕೂಲಿನಲ್ಲಿ ಓದಿದವರಿಗೊಂದು. ಹೊರದೇಶದ ಯಾವುದೋ ದೊಡ್ಡ ಕಂಪನಿ ಪುಕ್ಕಟೆಯಾಗಿ ಜಾಗ ಕೊಟ್ಟಿತ್ತು. ಯಾರಾದರೂ ಬಳಗದ ವಿಳಾಸಕ್ಕೆ ಒಂದು ಪತ್ರ ಬರೆದರೆ ಅದು ಸದಸ್ಯರೆಲ್ಲರಿಗೂ ಮುಟ್ಟುತ್ತಿತ್ತು. ಹಳೆಯ ಪತ್ರಗಳೆಲ್ಲ ಬಳಗದ ಪುಟದಲ್ಲಿ ಸಾಲಾಗಿ ಉಳಿಯುತ್ತಿದ್ದವು. ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲವಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆವು. ಓದಲು ಕಷ್ಟ, ಆದರೆ ನಮಗಿಂತ ತಾಳ್ಮೆಯ ಓದುಗರು ಎಲ್ಲಿ ಸಿಕ್ಕಾರು?

ಬಳಗ ಶುರುಮಾಡಿದವರು ಗೌರಿಬಿದನೂರಿನ ಅಶ್ವತ್ಥಪ್ಪನವರು. ಕುಡುಮಲಕುಂಟೆಯ ಒಂದು ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಕೆಲಸ. ಅವರಿಗೂ ಉಗ್ಗು. ಅವರದು ಒಂದೇ ಕಟ್ಟಳೆ: ಯಾರೂ ಯಾರಿಗೂ 'ಧೈರ್ಯ ತಂದುಕೊಳ್ಳಿ' ಎಂದು ಬರೆಯಕೂಡದು. ಅದು ಬಿಟ್ಟರೆ ಒಂದು ರೂಢಿ, ಹೊಸಬರು ಬಂದರೆ ಮೊದಲ ಪತ್ರದಲ್ಲಿ ತಮ್ಮನ್ನು ಯಾವ ಅಕ್ಷರ ಹಿಡಿದು ನಿಲ್ಲಿಸುತ್ತದೆ ಎಂದು ಬರೆಯಬೇಕು. ಊರು, ಕೆಲಸ, ವಯಸ್ಸು ಎಲ್ಲ ಆಮೇಲೆ. ಮಂಡ್ಯದ ಕಡೆಯ ಬಸ್ ಕಂಡಕ್ಟರ್ ಒಬ್ಬರು ತಮಗೆ 'ಮ' ಎಂದು ಬರೆದಿದ್ದರು. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲವೂ ಅವರ ಶತ್ರುಗಳು. ಅವರು ಊರ ಹೆಸರನ್ನು ರಾಗವಾಗಿ ಕೂಗುವುದನ್ನು ಕಲಿತುಕೊಂಡಿದ್ದರು, ಪ್ರಯಾಣಿಕರು ಅವರನ್ನು ರಸಿಕ ಎಂದುಕೊಂಡಿದ್ದರಂತೆ. ಮಸ್ಕತ್‌ನಲ್ಲಿದ್ದ ಒಬ್ಬ ತನ್ನ ಮಗಳಿಗೆ ಜಾತಕದ ಅಕ್ಷರ ಬಿಟ್ಟು ತನ್ನ ಬಾಯಿಗೆ ಬರುವ ಅಕ್ಷರದ ಹೆಸರನ್ನಿಟ್ಟು ಅತ್ತೆ ಮಾವನ ಹತ್ತಿರ ಬೈಸಿಕೊಂಡದ್ದನ್ನು ಬರೆದಿದ್ದ. ಬೆಳಿಗ್ಗೆ ಅಂಗಡಿ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರ್ ಹಾಕಿದರೆ ಮೊದಲು ತೆಗೆಯುತ್ತಿದ್ದುದು ಬಳಗದ ಪುಟ. ಇಡೀ ದಿನ ಹತ್ತು ಮಾತು ಆಡದವನು ಅಲ್ಲಿ ಪುಟಗಟ್ಟಲೆ ಆಡುತ್ತಿದ್ದೆ. ನಾನು ತಮಾಷೆ ಮಾಡಬಲ್ಲೆ ಎಂಬುದು ನನಗೆ ಗೊತ್ತಾದದ್ದೇ ಅಲ್ಲಿ.

ಆಮೇಲೆ ಮೊಬೈಲುಗಳು ಬಂದವು. ಮೊದಲು ಹುಡುಗರು ಬರೆಯುವುದನ್ನು ಬಿಟ್ಟರು. ಮತ್ತೆ ಕೆಲವರು ಓದುತ್ತಿದ್ದರು, ಉತ್ತರಿಸುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಪತ್ರ ಬರುತ್ತಿದ್ದ ಜಾಗದಲ್ಲಿ ವಾರಕ್ಕೆ ಎರಡು, ಅದರಲ್ಲೊಂದು ಯಾರೋ ಅಪರಿಚಿತರ ಕೂದಲೆಣ್ಣೆ ಜಾಹೀರಾತು. ಅಶ್ವತ್ಥಪ್ಪನವರು ಮಾತ್ರ ತಪ್ಪದೆ ಜಾಹೀರಾತುಗಳನ್ನು ತೆಗೆದುಹಾಕಿ, ಸೋಮವಾರ ಬೆಳಿಗ್ಗೆ ಒಂದು ಪತ್ರ ಬರೆಯುತ್ತಿದ್ದರು, ಖಾಲಿ ದೇವಸ್ಥಾನದಲ್ಲಿ ಪೂಜೆ ಮಾಡುವ ಅರ್ಚಕರ ಹಾಗೆ.

ಭಾಗ್ಯ ಬಂದದ್ದು ಈ ಇಳಿಗಾಲದಲ್ಲಿ. ಚಿಂತಾಮಣಿಯ ಹುಡುಗಿ. ಬಿಎಡ್ ಮುಗಿಸಿ ಕೈವಾರದ ಹತ್ತಿರದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಗಣಿತದ ಮೇಡಂ ಆಗಿ ಸೇರಿದ್ದಳು. ಅವಳ ಮೊದಲ ಪತ್ರ ಹೀಗಿತ್ತು: 'ನನಗೆ ನನ್ನ ಹೆಸರಿನ ಮೊದಲ ಅಕ್ಷರವೇ ಬರುವುದಿಲ್ಲ. ಮಕ್ಕಳ ಹಾಜರಿ ಕೂಗಬಲ್ಲೆ. ನಿಮ್ಮ ಹೆಸರೇನು ಎಂದು ಯಾರಾದರೂ ಕೇಳಿದರೆ ಮಾತ್ರ ಅಲ್ಲೇ ನಿಂತುಬಿಡುತ್ತೇನೆ.' ಬಹಳ ದಿನದ ಮೇಲೆ ಹೊಸಬರು ಬಂದ ಖುಷಿಗೆ, ಸುಮ್ಮನಾಗಿದ್ದ ಹಳಬರೆಲ್ಲ ಎದ್ದು ಬಂದು ಬರೆದರು. ಕಂಡಕ್ಟರ್ ತಮ್ಮ ರಾಗದ ಉಪಾಯ ಹೇಳಿಕೊಟ್ಟರು. ಅವಳು ಮಗ್ಗಿಯನ್ನು ಹಾಡು ಮಾಡಿ ಹೇಳಿಕೊಟ್ಟಳಂತೆ, ತರಗತಿಯೆಲ್ಲ ಜೊತೆಗೂಡಿತಂತೆ. ಅವಳ ಮಾತು ಸಿಕ್ಕಿಕೊಂಡಾಗ ಐದನೇ ತರಗತಿಯ ಮಕ್ಕಳು ಬಳಪ ಕೆಳಗಿಟ್ಟು ಸುಮ್ಮನೆ ಕಾಯುತ್ತವೆ, ಯಾರೂ ನಗುವುದಿಲ್ಲ ಎಂದು ಬರೆದಿದ್ದಳು. ಆ ಪತ್ರವನ್ನು ಎಷ್ಟು ಸಲ ಓದಿದೆನೋ. ನಾನು ಓದಿದ ಸ್ಕೂಲಿನಲ್ಲಿ ಯಾರೂ ಕಾದಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಶ್ರಾವಣದಲ್ಲಿ. ಒಂದು ಬೆಳಿಗ್ಗೆ ಅವಳ ಪತ್ರ ಬಂದಿತ್ತು, ಬಹಳ ಚಿಕ್ಕದು. ಒಬ್ಬ ಹುಡುಗನ ತಂದೆ ತಾಯಿ ಶಾಲೆಗೆ ಬಂದು, ಮಗ ಮನೆಯಲ್ಲಿ ಮೇಡಂ ಥರ ತಡವರಿಸಿ ಮಾತಾಡುತ್ತಾನೆ, ನಾಳೆ ಅದೇ ಅಭ್ಯಾಸವಾದರೆ ಯಾರು ಹೊಣೆ ಎಂದು ಕೇಳಿದ್ದರು. ಮತ್ತೆ ಇಬ್ಬರು ಪೋಷಕರು ಅವರ ಜೊತೆ ಸೇರಿದ್ದರು. ಶಾಲೆಯ ಕಾರ್ಯದರ್ಶಿಗಳು ಅವಳನ್ನು ಕರೆದು, ಗೌರಿಹಬ್ಬದ ತನಕ ಇದ್ದು ಆಮೇಲೆ ಬಿಟ್ಟುಬಿಡಮ್ಮ ಎಂದಿದ್ದರಂತೆ.

ಬಳಗದಲ್ಲಿ ಉಳಿದಿದ್ದವರೆಲ್ಲ ಸೇರಿ ಒಂದು ಪತ್ರ ತಯಾರು ಮಾಡಿದೆವು. ಉಗ್ಗು ಅಂಟುರೋಗವಲ್ಲ, ಹುಡುಗ ಅಣಕಿಸಿದ್ದಾನೆ ಅಷ್ಟೆ, ಈ ಮೇಡಂ ಹತ್ತಿರ ಮಕ್ಕಳು ಲೆಕ್ಕದ ಜೊತೆಗೆ ತಾಳ್ಮೆಯನ್ನೂ ಕಲಿಯುತ್ತಿದ್ದಾರೆ ಎಂದು. ನಾನೇ ಟೈಪು ಮಾಡಿ ಅಂಚೆಗೆ ಹಾಕಿದೆ. ಅದಕ್ಕೆ ಕಾರ್ಯದರ್ಶಿಗಳು ಭಾಗ್ಯಳಿಗೆ ಹೇಳಿ ಕಳಿಸಿದ್ದು, ಕಾಗದ ಯಾರು ಬೇಕಾದರೂ ಬರೆಯಬಹುದು, ನಿಮ್ಮ ಕಡೆಯವರು ಇದ್ದರೆ ಬಂದು ಎದುರಿಗೆ ಮಾತಾಡಲಿ ಎಂದು.

ಎದುರಿಗೆ ಮಾತಾಡುವುದು. ನಾವು ಇದ್ದಷ್ಟು ಜನಕ್ಕೂ ಬಾರದ್ದು ಅದೊಂದೇ. ಹತ್ತಿರದಲ್ಲಿದ್ದವರು ಅಶ್ವತ್ಥಪ್ಪನವರು ಮತ್ತು ನಾನು. ಮನೆಯವರನ್ನೋ ಸ್ನೇಹಿತರನ್ನೋ ಕಳಿಸಬಹುದಿತ್ತು ಎಂದು ನಿಮಗನ್ನಿಸಬಹುದು. ಭಾಗ್ಯಳ ತಂದೆ ಟೊಮ್ಯಾಟೊ ಲೋಡಿನ ಲಾರಿ ಓಡಿಸುತ್ತಿದ್ದವರು, ವಾರದಲ್ಲಿ ಮನೆ ಕಾಣುತ್ತಿದ್ದುದು ಒಂದೆರಡು ದಿನ. ಕೆಲಸ ಹೋಗುವ ವಿಷಯವನ್ನು ಅವಳು ಅವರಿಗೆ ಹೇಳಿಯೇ ಇರಲಿಲ್ಲ. ಉಳಿದಂತೆ, ನಮ್ಮ ಪರವಾಗಿ ಬೇರೆಯವರು ಮಾತಾಡಿದ್ದೇ ನಮ್ಮ ಜೀವನ. ಈ ಸಲ ನಾವೇ ಹೋಗೋಣ ಎಂದು ಅಶ್ವತ್ಥಪ್ಪ ಬರೆದರು. ನಾನು ಒಪ್ಪಿದೆ.

ಅವರ ಬಸ್ಸು ಚಿಕ್ಕಬಳ್ಳಾಪುರದ ಮೇಲೆ ಶಿಡ್ಲಘಟ್ಟಕ್ಕೆ ಬಂತು. ಅಷ್ಟು ವರ್ಷ ಪತ್ರದಲ್ಲಿ ಬಲ್ಲ ಮನುಷ್ಯನನ್ನು ಆವತ್ತೇ ನೋಡಿದ್ದು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಶರಟು, ನಿವೃತ್ತಿಗೆ ಕೆಲವೇ ದಿನ ಉಳಿದಿದ್ದ ನರೆತ ತಲೆ. ಇಬ್ಬರೂ ಕೈ ಹಿಡಿದುಕೊಂಡು ನಿಂತೆವು. ಬಳಗದಲ್ಲಿ ನಾನು ಪೂರ್ತಿ ಹೆಸರಿನವನೇ, ಹಾಗಾಗಿ ಅವರು 'ಶ್ರೀ' ಹತ್ತಿರ ನಿಂತರು, ನಾನು 'ಅ' ದಾಟಲಿಲ್ಲ. ಆಮೇಲೆ ಇಬ್ಬರಿಗೂ ನಗು ಬಂತು. ಚಿಂತಾಮಣಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಹಂಚಿಕೊಂಡೆವು. 'ಪ' ನನಗೆ ಸಲೀಸು, ಅವರಿಗೆ ಕಷ್ಟ, ಹಾಗಾಗಿ ಪೋಷಕರ ವಿಷಯ ನನ್ನದು. ಪಾಠದ ವಿಷಯಕ್ಕೂ ಆ ಅಕ್ಷರವೇ ಅಡ್ಡ, ಆದರೂ ವಯಸ್ಸಾದವರು ಹೇಳಿದರೆ ತೂಕ ಎಂದು ಅದನ್ನು ಅವರೇ ಇಟ್ಟುಕೊಂಡರು. ಕಿಟಕಿಯಿಂದ ಎರಚಲು ಬಡಿಯುತ್ತಿತ್ತು. ಪಕ್ಕದ ಸೀಟಿನ ಹೆಂಗಸು ನಮ್ಮಿಬ್ಬರ ಬಾಯಿ ನೋಡುತ್ತಲೇ ಇದ್ದಳು.

ಕಾರ್ಯದರ್ಶಿಗಳು ಒರಟು ಮನುಷ್ಯರಲ್ಲ. ಆ ಊರಿನ ಹಳೇ ಜಮೀನುದಾರರ ಮನೆತನ, ದ್ರಾಕ್ಷಿ ತೋಟ ಇಟ್ಟುಕೊಂಡವರು, ಊರ ಮಕ್ಕಳು ದೂರ ಹೋಗಬಾರದೆಂದು ತಮ್ಮ ಜಾಗದಲ್ಲೇ ಶಾಲೆ ಕಟ್ಟಿಸಿದವರು. ನಮ್ಮನ್ನು ಕೂರಿಸಿ ಟೀ ತರಿಸಿದರು. ಭಾಗ್ಯಳನ್ನೂ ಕರೆಸಿದರು. ಅವಳು ಬಂದು ಬಾಗಿಲ ಬಳಿ ನಿಂತಳು. ಸಣ್ಣಗಿನ ಹುಡುಗಿ, ಕೈಯ ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನಾವು ಯಾರೆಂದು ಅವಳಿಗೆ ಗೊತ್ತಾಯಿತು, ನಮಸ್ಕಾರ ಮಾಡಿದಳು.

ಅಶ್ವತ್ಥಪ್ಪ ಶುರುಮಾಡಿದರು. ಭಾಗ್ಯ ಮೇಡಂ ಪಾಠ ಮಾಡುವ ರೀತಿ ಬಹಳ ಚೆನ್ನಾಗಿದೆ ಎಂಬುದು ಅವರು ಹೇಳಬೇಕಿದ್ದ ಮೊದಲ ಮಾತು. 'ಭಾಗ್ಯ ಮೇಡಂ' ಹೇಗೋ ದಾಟಿತು. 'ಪಾಠ' ಎಂಬಲ್ಲಿ ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಅದೂ ದಾಟಿತು. "ಮಾ... ಮಾ..." ಎಂದು ನಿಂತರು.

"ಮಾಡೋಕಾಗ್ತಿಲ್ಲ," ಎಂದರು ಕಾರ್ಯದರ್ಶಿಗಳು, ಬಹಳ ಮೃದುವಾಗಿ. "ಅದೇ ನಾನೂ ಹೇಳ್ತಿರೋದು ಸಾರ್."

ಅಶ್ವತ್ಥಪ್ಪ ಅಲ್ಲ ಅಲ್ಲ ಎಂದು ಕೈಯಾಡಿಸಿದರು. ಆ 'ಅಲ್ಲ'ವೂ ಹೊರಗೆ ಬರಲಿಲ್ಲ. ಅದನ್ನು ನೋಡಿ ನಾನು ಬಾಯಿ ಹಾಕಿದೆ. ಪೋಷಕರು ತಪ್ಪು ತಿಳಿದಿದ್ದಾರೆ ಎಂದು ನಾನು ಹೇಳಬೇಕು. ದಾರಿಯಲ್ಲಿ ಸಲೀಸಾಗಿ ಬಂದ 'ಪೋಷಕರು' ಅಲ್ಲೂ ಬಂತು. 'ತಪ್ಪು' ಬರಲಿಲ್ಲ. ನನ್ನನ್ನು ಯಾವತ್ತೂ ಕಾಡದ ಅಕ್ಷರ ಅದು. ನಾಲಿಗೆ ಹಲ್ಲಿಗೆ ಅಂಟಿಕೊಂಡಿತು.

"ತೊಂದರೆ ಆಗ್ತೈತೆ ಅಂತಾರೆ, ಹೌದು," ಎಂದರು ಅವರು. "ಅವರದೂ ಸರಿ ಅಲ್ವ? ಹೆತ್ತೋರು."

ಅವರು ನಮಗೆ ಸಹಾಯ ಮಾಡುತ್ತಿದ್ದೇನೆಂದೇ ತಿಳಿದಿದ್ದರು. ಅವರ ಮುಖದಲ್ಲಿದ್ದುದು ಕರುಣೆ, ಅದರಲ್ಲಿ ಸುಳ್ಳಿರಲಿಲ್ಲ. ನಾವು ಒಂದೊಂದು ಮಾತಿನ ತುದಿ ಹಿಡಿದು ಎಳೆಯುವುದು, ಅವರು ಅದನ್ನು ತಮ್ಮ ಕಡೆಗೆ ಎಳೆದು ಪೂರ್ತಿ ಮಾಡುವುದು, ಹೀಗೇ ನಡೆಯಿತು. ಕೊನೆಗೆ ನೋಡಿದರೆ ಅವಳನ್ನು ಬಿಡಿಸಬೇಕೆಂದು ನಾವೇ ಬಂದು ಕೇಳಿಕೊಂಡ ಹಾಗಾಗಿತ್ತು. ಅಶ್ವತ್ಥಪ್ಪ ಜೇಬಿನಿಂದ ನಾವು ಟೈಪು ಮಾಡಿದ್ದ ಕಾಗದದ ಇನ್ನೊಂದು ಪ್ರತಿ ತೆಗೆದು ಮೇಜಿನ ಮೇಲಿಟ್ಟರು. ಕಾರ್ಯದರ್ಶಿಗಳು ಅದರ ಮೇಲೆ ಕೈಯಿಟ್ಟು ಹೇಳಿದರು:

"ಬೇಜಾರು ಮಾಡ್ಕೋಬೇಡಿ. ಇಷ್ಟು ದೂರ ಬಂದು ನಿಮ್ಮ ಕಷ್ಟ ನನ್ನ ಕಣ್ಣಿಗೆ ತೋರ್ಸಿದ್ರಿ. ನಮ್ಮ ಮಕ್ಳು ಹಿಂಗೆ ಒದ್ದಾಡಬಾರ್ದು ಅಂತಾನೆ ಆ ತಾಯಿ ತಂದೆ ಕೇಳ್ತಿರೋದು. ನೀವೇ ಹೇಳಿ."

ನೀವೇ ಹೇಳಿ ಎಂದು ನಮ್ಮ ಮುಖ ನೋಡಿದರು. ಹೇಳಲು ಎದೆಯ ತುಂಬ ಇತ್ತು. ಹೊರಗೆ ತರಗತಿಯಲ್ಲಿ ಮೇಡಂ ಇಲ್ಲದೆ ಮಕ್ಕಳು ತಾವೇ ಮಗ್ಗಿ ಹಾಡುತ್ತಿದ್ದವು. ಭಾಗ್ಯ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದು, "ಸಾರ್, ಇವರು ಹೇಳ್ತಿರೋದು..." ಎನ್ನುವಷ್ಟರಲ್ಲಿ ಸಿಕ್ಕಿಕೊಂಡಳು. ಅವರು ಅವಳಿಗೂ ಮಾತು ಪೂರ್ತಿ ಮಾಡಿಕೊಟ್ಟರು: "ಗೊತ್ತಾಯ್ತು ಬಿಡಮ್ಮ. ಒಳ್ಳೇ ಹುಡುಗಿ ನೀನು, ಎಲ್ಲಾದ್ರೂ ಆಫೀಸ್ ಕೆಲಸ ನೋಡ್ಕೊ."

ಆವತ್ತು ಮಧ್ಯಾಹ್ನ ಕೈವಾರದ ಬಸ್‌ಸ್ಟಾಪಿನ ಹತ್ತಿರದ ಹೋಟೆಲಿನಲ್ಲಿ ಮೂವರೂ ಕೂತೆವು. ದೇವಸ್ಥಾನಕ್ಕೆ ಬಂದ ಯಾತ್ರಿಕರು ಮಳೆಗೆ ಒಳಗೆ ನುಗ್ಗಿದ್ದರು. ಅಶ್ವತ್ಥಪ್ಪ ಇಡ್ಲಿ ಮುಟ್ಟಲಿಲ್ಲ. ಅಷ್ಟು ವರ್ಷ ಊರಿಗೆಲ್ಲ ಉತ್ತರ ಬರೆದ ಮನುಷ್ಯ ಸಣ್ಣಗಾಗಿಹೋಗಿದ್ದರು. ಅವಳೇ ಮಾತು ತೆಗೆದಳು. ತಡೆದು ತಡೆದು ಹೇಳಿದಳು, ನಾವು ಕಾದೆವು. ನಾವು ಹೇಳುವಾಗ ಅವಳು ಕಾದಳು. ಹಾಗೆ ಕಾಯುವವರು ಎದುರಿಗಿದ್ದಾಗ ಮಾತು ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುತ್ತದೆ. ಅರ್ಧ ಗಂಟೆಯಲ್ಲಿ ಮೂವರೂ ಕಾರ್ಯದರ್ಶಿಗಳ ಎದುರಿಗೆ ಹೇಳಬೇಕಿದ್ದುದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು. ಬಸ್ಸು ಬಂದಾಗ ಅಶ್ವತ್ಥಪ್ಪ ಅವಳ ಫೋನ್ ನಂಬರ್ ಕೇಳಿದರು.

"ಫೋನ್ ಬೇಡ ಸಾರ್," ಎಂದಳು. "ಅದರಲ್ಲಿ ನನ್ಗೆ ಹಲೋನೂ ಬರಲ್ಲ. ಬಳಗದಲ್ಲೇ ಬರೀತೀನಿ. ಅದೆಲ್ಲಿಗ್ ಹೋಗುತ್ತೆ?"

ನಮಗೂ ಅದು ಸರಿಯೆನಿಸಿತು. ಸೂರ್ಯ ಹುಟ್ಟುವ ದಿಕ್ಕಿನ ಹಾಗೆ ಬಳಗ ಅಲ್ಲೇ ಇರುತ್ತದೆ ಎಂದು ಮೂವರೂ ನಂಬಿದ್ದೆವು.

ಗೌರಿಹಬ್ಬಕ್ಕೆ ಅವಳ ಕೆಲಸ ಹೋಯಿತು. ಅದೇ ತಿಂಗಳ ಕೊನೆಗೆ ಅಶ್ವತ್ಥಪ್ಪನವರು ನಿವೃತ್ತರಾದರು. ದಸರಾ ಹೊತ್ತಿಗೆ ಬಳಗದ ಪುಟದ ನೆತ್ತಿಯಲ್ಲಿ ಒಂದು ಪ್ರಕಟಣೆ ಕಾಣಿಸಿಕೊಂಡಿತು. ಕಂಪನಿಯವರು ಈ ಸೇವೆಯನ್ನು ನಿಲ್ಲಿಸುತ್ತಿದ್ದಾರೆ, ಹಳೆಯ ಪತ್ರಗಳನ್ನೆಲ್ಲ ವರ್ಷ ಮುಗಿಯುವುದರೊಳಗೆ ಅಳಿಸುತ್ತಾರೆ, ಬೇಕಾದವರು ಇಳಿಸಿಕೊಳ್ಳಬಹುದು ಎಂದು. ಇಂಗ್ಲಿಷಿನಲ್ಲಿ ಬಹಳ ಸೌಜನ್ಯದಿಂದ ಬರೆದಿದ್ದರು. ಇಷ್ಟು ದಿನ ನಮ್ಮೊಂದಿಗಿದ್ದುದಕ್ಕೆ ವಂದನೆಗಳು ಎಂದೂ ಇತ್ತು.

ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಲು ಬಳಗದ ಯಜಮಾನರೇ ಬೇಕಿತ್ತು. ಯಜಮಾನರು ಅಶ್ವತ್ಥಪ್ಪ. ಆದರೆ ಅವರು ಬಳಗ ಶುರುಮಾಡಿದ್ದು ಕಾರ್ಖಾನೆಯ ಇಮೇಲಿನಿಂದ. ನಿವೃತ್ತಿಯಾದ ಮೇಲೆ ಆ ವಿಳಾಸವನ್ನು ಪದ್ಧತಿಯಂತೆ ಮುಚ್ಚಿದ್ದರು. ಹೊಸ ಪಾಸ್‌ವರ್ಡ್ ಕೇಳಿದರೆ ಅದು ಮುಚ್ಚಿದ ಆ ಪೆಟ್ಟಿಗೆಗೇ ಹೋಗುತ್ತಿತ್ತು. ಕಾರ್ಖಾನೆಯ ಗೇಟಿನ ಹತ್ತಿರ ಹೋಗಿ ಅವರು ತಮ್ಮ ಹಳೇ ಸಹೋದ್ಯೋಗಿಗಳಿಗೆ ವಿವರಿಸಲು ನೋಡಿದರಂತೆ. ಅವರಿಗೆ ಇದೇನೆಂದು ತಿಳಿಯಲಿಲ್ಲ. ನಾನು ಕಂಪನಿಯ ಸಹಾಯ ವಿಭಾಗಕ್ಕೆ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಕ್ಷಣದಲ್ಲೇ ಉತ್ತರ ಬಂತು. ಮತ್ತೆ ಬರೆದೆ, ಅದೇ ಉತ್ತರ. ಅದನ್ನು ಯಾವ ಮನುಷ್ಯನೂ ಬರೆಯುತ್ತಿಲ್ಲವೆಂದು ಗೊತ್ತಿದ್ದೂ ಬರೆಯುತ್ತಲೇ ಹೋದೆ.

ಕಾರ್ತೀಕದ ಮದುವೆಗಳ ಕಾಲ. ಲಗ್ನಪತ್ರಿಕೆಯ ನಡುವೆ ಬಿಡುವು ಸಿಕ್ಕಾಗಲೆಲ್ಲ ಒಂದೊಂದೇ ಹಳೇ ಪತ್ರ ತೆರೆದು ನನ್ನ ಕಂಪ್ಯೂಟರಿಗೆ ನಕಲು ಮಾಡುತ್ತಿದ್ದೆ. ಕಂಡಕ್ಟರ್ ಅವರ ಪತ್ರಗಳು ಸಿಕ್ಕವು. ಮಸ್ಕತ್‌ನವನ ಮಗಳ ಹೆಸರಿನ ಪ್ರಸಂಗ ಸಿಗುವ ಮೊದಲೇ ಆ ವರ್ಷದ ಪುಟಗಳು ತೆರೆಯದಾದವು. ದೇಶದೇಶದಿಂದ ಜನ ಹೀಗೇ ಮುಗಿಬಿದ್ದಿದ್ದರೋ ಏನೋ, ಪುಟ ತೆರೆಯುವುದಕ್ಕೇ ಯುಗ ಹಿಡಿಯುತ್ತಿತ್ತು. ಕೆರೆ ಕೋಡಿ ಒಡೆದಾಗ ಚೊಂಬಿನಲ್ಲಿ ನೀರು ಹಿಡಿಯುವ ಕೆಲಸ.

ಅಶ್ವತ್ಥಪ್ಪನವರು ಕಡೆಗೆ ಮೊಬೈಲಿನಲ್ಲಿ ಒಂದು ಮೆಸೇಜ್ ಗುಂಪು ಮಾಡಿ, ಎಲ್ಲರೂ ತಮ್ಮ ನಂಬರ್ ಕಳಿಸಬೇಕೆಂದು ನನ್ನ ವಿಳಾಸದಿಂದ ಬಳಗದಲ್ಲಿ ಬರೆಸಿದರು. ಕೆಲವರು ಬಂದರು. ಮೊದಲೊಂದು ವಾರ ಚೆನ್ನಾಗಿತ್ತು. ಆಮೇಲೆ ಸದಸ್ಯರೊಬ್ಬರ ಸ್ನೇಹಿತ, ಮಾತು ತಿದ್ದುವ ತರಬೇತಿ ಕೊಡುವವನಂತೆ, ಅವನು ಸೇರಿಕೊಂಡ. ದಿನಾ ಬೆಳಿಗ್ಗೆ ಎಲ್ಲರೂ ಒಂದು ನಿಮಿಷ ಮಾತಾಡಿ ದನಿ ಮುದ್ರಿಸಿ ಹಾಕಬೇಕು, ನಾಚಿಕೆ ಬಿಡಬೇಕು, ಧೈರ್ಯ ತಂದುಕೊಳ್ಳಬೇಕು ಎಂದ. ಅವನು ಕರೆತಂದ ಉಗ್ಗಿಲ್ಲದವರ ಸಲೀಸಾದ ದನಿಗಳು ಗುಂಪಿನಲ್ಲಿ ತುಂಬಿದವು. ನಮ್ಮವರು ಒಬ್ಬೊಬ್ಬರಾಗಿ ಹೊರಗೆ ಹೋದರು. ಕಂಡಕ್ಟರ್ ಹೋಗುವಾಗ ಒಂದು ಕೈಮುಗಿದ ಚಿತ್ರ ಮಾತ್ರ ಹಾಕಿ ಹೋದರು. ಗುಂಪಿನ ಯಜಮಾನರು ಹೆಸರಿಗೆ ಅಶ್ವತ್ಥಪ್ಪನವರೇ ಆಗಿದ್ದರೂ ಅವರ ಕಟ್ಟಳೆ ಅಲ್ಲಿ ನಡೆಯಲಿಲ್ಲ. ಭಾಗ್ಯ ಅಲ್ಲಿಗೆ ಬರಲೇ ಇಲ್ಲ.

ಧನುರ್ಮಾಸ ಹುಟ್ಟುವ ಹೊತ್ತಿಗೆ, ಬಳಗದ ಪುಟ ಇನ್ನೂ ಮಿಣುಗುತ್ತಿದ್ದ ಕೊನೆಯ ದಿನಗಳಲ್ಲಿ, ಒಂದು ಬೆಳಿಗ್ಗೆ ಅವಳ ಪತ್ರ ಕಂಡಿತು. ಮನೆ ಖಾಲಿ ಮಾಡುತ್ತಿದ್ದೇವೆ, ಅಕ್ಕನ ಊರಾದ ಮದನಪಲ್ಲಿ ಕಡೆ ಹೋಗುತ್ತೇವೆ, ಅಲ್ಲಿ ಒಂದು ಶಾಲೆಯಲ್ಲಿ ಸಂದರ್ಶನ ಇದೆ ಎಂದು ಬರೆದಿದ್ದಳು. ಕೊನೆಯಲ್ಲಿ ಒಂದು ಪ್ರಶ್ನೆ. 'ನನಗೆ ಉಗ್ಗಿದೆ ಎಂದು ಒಳಗೆ ಹೋದ ಕೂಡಲೇ ನಾನೇ ಹೇಳಿಬಿಡಲೇ, ಅಥವಾ ಅವರಿಗೇ ಗೊತ್ತಾಗಲಿ ಎಂದು ಬಿಡಲೇ? ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?'

ಬಾಗಿಲಲ್ಲಿ ಗಿರಾಕಿ ನಿಂತಿದ್ದರು. ಅವರಿಗೆ ಕೂರಲು ಕೈಸನ್ನೆ ಮಾಡಿ ಉತ್ತರ ಬರೆದೆ. ಮೊದಲೇ ಹೇಳಿಬಿಡಮ್ಮ, ಬಾಯಲ್ಲಿ ಬರದಿದ್ದರೆ ಬರೆದು ತೋರಿಸು, ಮಕ್ಕಳು ಕಾಯುವುದನ್ನು ಕಲಿತರು ಎಂಬುದನ್ನೂ ಹೇಳು, ಕಾಯಲಾರದ ಜಾಗ ನಿನ್ನದಲ್ಲ ಎಂದು, ಇನ್ನೂ ಏನೇನೋ. ನನಗೆ ಯಾರೂ ಹೇಳದೆ ಉಳಿದದ್ದನ್ನೆಲ್ಲ ಬರೆದೆ. ಕಳಿಸುವ ಗುಂಡಿ ಒತ್ತಿದೆ. ಈ ಬಳಗ ಈಗ ಹೊಸ ಪತ್ರಗಳನ್ನು ಸ್ವೀಕರಿಸುವುದಿಲ್ಲ ಎಂದು ಬಂತು. ಮತ್ತೆ ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಪುಟವೂ ಹೋಯಿತು.

ಅವಳ ಸ್ವಂತ ಇಮೇಲ್ ವಿಳಾಸ ನನ್ನಲ್ಲಿರಲಿಲ್ಲ. ನಾನು ಮೊದಲಿನಿಂದಲೂ ಬಳಗದ ಪುಟದಲ್ಲೇ ಓದುತ್ತಿದ್ದವನು. ಅಲ್ಲಿ ಬರೆದವರ ವಿಳಾಸದ ಮುಂಭಾಗವಷ್ಟೇ ಕಾಣುತ್ತಿತ್ತು, ಉಳಿದದ್ದನ್ನು ಚುಕ್ಕೆ ಇಟ್ಟು ಮರೆಮಾಡಿರುತ್ತಿದ್ದರು. ಅಶ್ವತ್ಥಪ್ಪನವರ ಪತ್ರಗಳೆಲ್ಲ ಕಾರ್ಖಾನೆಯ ಪೆಟ್ಟಿಗೆಯ ಜೊತೆ ಹೋಗಿದ್ದವು. ಉಳಿದವರನ್ನು ಕೇಳಿದೆ. ಕೆಲವರು ಅಳಿಸಿದ್ದರು, ಕೆಲವರು ಇಮೇಲ್ ತೆರೆಯುವುದನ್ನೇ ಬಿಟ್ಟಿದ್ದರು.

ಸಂಕ್ರಾಂತಿ ಆದಮೇಲೆ ಚಿಂತಾಮಣಿಗೆ ಹೋದೆ. ಅವಳು ಪತ್ರಗಳಲ್ಲಿ ಹೇಳಿದ್ದ ಗುರುತು ಹಿಡಿದು ಬೀದಿ ಬೀದಿ ತಿರುಗಿದೆ. ಕೇಳಬೇಕಿದ್ದುದು ಅವಳ ಹೆಸರನ್ನು. ಬಾಯಿಗೆ ಬಾರದೆ ಕಾಗದದಲ್ಲಿ ಬರೆದು ತೋರಿಸುತ್ತಿದ್ದೆ. ಕೊನೆಗೆ ಒಬ್ಬ ಮುದುಕಿ, ಪಕ್ಕದ ಮನೆಯವರು, ಲಾರಿ ಓಡಿಸುವವರ ಮಗಳು ತಾನೇ ಎಂದು ಗುರುತು ಹೇಳಿದರು. "ಎಳ್ಳಿಪೋಯಿನಾರಪ್ಪ," ಎಂದು ತೆಲುಗಿನಲ್ಲಿ ಹೇಳಿ, ನನಗೆ ಅರ್ಥವಾಗಲಿಲ್ಲವೆಂದುಕೊಂಡು ಕನ್ನಡದಲ್ಲೂ ಹೇಳಿದರು: "ಹೊರಟೋದ್ರು ಕಣಪ್ಪ. ಎಲ್ಲಿಗ್ ಅಂತ ನಮ್ಗ್ ಯಾರು ಹೇಳ್ತಾರೆ? ಆ ಮಗು ಅಂತೂ ಮಾತೇ ಆಡ್ತಿರ್ಲಿಲ್ಲ."

ಮದನಪಲ್ಲಿಗೆ ಹೋಗಬೇಕೆಂದು ಅಶ್ವತ್ಥಪ್ಪನವರೂ ನಾನೂ ಅಂದುಕೊಂಡೆವು. ಅಷ್ಟರಲ್ಲಿ ಯುಗಾದಿ ಹೊತ್ತಿಗೆ ಕಾಯಿಲೆ ಬಂದು ಊರೂರೇ ಬಾಗಿಲು ಹಾಕಿಕೊಂಡಿತು. ಶಾಲೆಗಳು ಮುಚ್ಚಿದವು. ಮದುವೆಗಳು ನಿಂತವು, ಲಗ್ನಪತ್ರಿಕೆಯೂ ನಿಂತಿತು. ನನ್ನ ಅಂಗಡಿ ಮತ್ತೆ ತೆರೆಯಲಿಲ್ಲ. ಈಗ ಚಿಕ್ಕಬಳ್ಳಾಪುರದಲ್ಲಿ ಇನ್ನೊಬ್ಬರ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತೇನೆ. ಅಶ್ವತ್ಥಪ್ಪನವರು ಆ ಕಾಯಿಲೆಯ ಎರಡನೇ ಅಲೆಯಲ್ಲಿ ಹೋದರು. ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ದರು. ಏನೋ ಹೇಳಲು ಬಹಳ ಹೊತ್ತು ಪ್ರಯತ್ನಪಟ್ಟರು, ನಾನು ಕಾದೆ. ಉಸಿರಿನ ತೊಂದರೆಯೋ ಅಕ್ಷರದ ತೊಂದರೆಯೋ ತಿಳಿಯುವ ಮೊದಲೇ ನರ್ಸ್ ಫೋನ್ ತೆಗೆದುಕೊಂಡರು.

ಅವರು ಹೋದಮೇಲೆ ಒಂದು ದಿನ ಕೂತು, ಭಾಗ್ಯಳ ವಿಳಾಸದ ಮುಂಭಾಗಕ್ಕೆ ತೋಚಿದ್ದನ್ನೆಲ್ಲ ಸೇರಿಸಿ ಒಂದೊಂದು ವಿಳಾಸಕ್ಕೂ ಒಂದೊಂದು ಪತ್ರ ಕಳಿಸಿದೆ. ಅವಳ ಇನಿಶಿಯಲ್, ಊರಿನ ಹೆಸರು, 'ಮೇಡಂ', 'ಗಣಿತ', ಹೀಗೆ. ಎಲ್ಲದರಲ್ಲೂ ಅವಳ ಪ್ರಶ್ನೆಗೆ ನನ್ನ ಉತ್ತರ, ಜೊತೆಗೆ ಅಶ್ವತ್ಥಪ್ಪನವರ ಸುದ್ದಿ. ಬಹುಪಾಲು ಪತ್ರಗಳು ಅಂಥ ವಿಳಾಸವೇ ಇಲ್ಲವೆಂದು ವಾಪಸ್ ಬಂದವು. ಒಂದು ಬರಲಿಲ್ಲ. ಆ ಒಂದನ್ನು ನೆನೆಸಿಕೊಂಡು ಎಷ್ಟೋ ದಿನ ಹಗುರವಾಗಿದ್ದೆ.

ಮಳೆಗಾಲ ಕಳೆದು ಅದಕ್ಕೆ ಉತ್ತರ ಬಂತು. ಹಾಸನದ ಕಡೆಯ ಒಬ್ಬರು ಬರೆದಿದ್ದರು. 'ನಾನು ಆ ಭಾಗ್ಯ ಅಲ್ಲ ಸರ್. ನನ್ನದು ಹೊಲಿಗೆ ಅಂಗಡಿ. ಈ ಮೇಲ್ ನಾನು ಅಪರೂಪಕ್ಕೆ ನೋಡುವುದು, ತಡವಾಯಿತು, ಕ್ಷಮಿಸಿ. ನಿಮ್ಮ ಪತ್ರವನ್ನು ಪೂರ್ತಿ ಓದಿಬಿಟ್ಟೆ. ಅವರಿಗೆ ಕೆಲಸ ಸಿಕ್ಕಿತೇ? ಗೊತ್ತಾದರೆ ನನಗೂ ಒಂದು ಸಾಲು ಬರೆಯಿರಿ.'

ಬರೆಯುತ್ತೇನೆ ಎಂದು ಉತ್ತರಿಸಿದ್ದೇನೆ. ಆ ಸಾಲನ್ನು ಬರೆಯುವುದಕ್ಕೆ ನನಗೆ ಇವತ್ತಿಗೂ ಏನೂ ಗೊತ್ತಾಗಿಲ್ಲ.